ಶಿವದಾರದ ಕೆಳಗೆ

"ಅಯ್ನೋರ, ಕೊರಳಾಗಿನ ಲಿಂಗ ಒಂದೀಟು ತಗೀಬೇಕಾಗ್ತೈತಿ," ಎಂದಳು ಡಾಕ್ಟರ್ ಶರಣ್ಯಾ.

ಎದುರಿನ ಸ್ಟೂಲಿನ ಮೇಲೆ ಕೂತಿದ್ದ ಕುಮಾರಯ್ಯನವರು ಕಾಶಿಯ ವೀರಶೈವ ಮಠದಲ್ಲಿ ಅಡುಗೆಯವರು. ಬನಾರಸಿಗೆ ಬಂದು ಮೂವತ್ತು ವರ್ಷವಾದರೂ ಅವರ ಮಾತು ರೋಣದ ಕಡೆಯದೇ. ಯಾವ ಗಡಿಬಿಡಿಯೂ ಇಲ್ಲದೆ ಬಿಳಿ ಶಿವದಾರವನ್ನು ತಲೆಯ ಮೇಲಿಂದ ಎತ್ತಿ, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಎಡ ಅಂಗೈಯಲ್ಲಿಟ್ಟುಕೊಂಡರು.

"ಇಷ್ಟನ? ದಿನಾ ಪೂಜಿಗೆ ಅಂಗೈಗೆ ತಗೋತೀವಲ್ಲ, ಹಂಗ. ಹೋದ ಸಲಾನ ಅಂದಿದ್ರ ತಗೀತಿದ್ನಲ್ಲವ್ವಾ."

ಹೋದ ಸಲ ಎಂದರೆ ಮೂರು ತಿಂಗಳ ಹಿಂದೆ, ಏಪ್ರಿಲ್ ಎರಡನೆಯ ವಾರ. ಆವತ್ತು ಅವಳ ಬೆರಳುಗಳು ದವಡೆಯ ಕೆಳಗಿನಿಂದ ಕತ್ತಿನ ಎಡಬದಿಗುಂಟ ಇಳಿದಿದ್ದವು. ಮೆತ್ತಗಿನ ಎರಡು ಸಣ್ಣ ಗಡ್ಡೆಗಳು ಸಿಕ್ಕವು. ಇನ್ನೆರಡು ಅಂಗುಲ ಕೆಳಗೆ, ಕೊರಳೆಲುಬಿನ ಹತ್ತಿರ, ದಾರ ಅಡ್ಡ ಬಂತು. ಇನ್ನೊಬ್ಬರ ಲಿಂಗಕ್ಕೆ ಕೈ ತಾಗಿಸಬಾರದು, ಅದು ಮೈ ಬಿಟ್ಟು ಅಗಲಬಾರದು ಎಂದು ಅಜ್ಜಿ ಹೇಳುತ್ತಿದ್ದ ಗದಗಿನ ಮನೆಯಲ್ಲಿ ಬೆಳೆದವಳು ಅವಳು. ಕೈ ತಾನಾಗಿ ಹಿಂದೆ ಬಂತು. ಗಡ್ಡೆಗೆ ಸೂಜಿ ಹಾಕಿ ಪರೀಕ್ಷೆಗೆ ಕಳಿಸಬೇಕಿತ್ತು. ಅದಕ್ಕೂ ದಾರ ತೆಗೆಸಬೇಕು. ಅವಳ ಕೊಠಡಿಗೆ ಬರುವ ಕತ್ತಿನ ಗಡ್ಡೆಗಳಲ್ಲಿ ಹೆಚ್ಚಿನವು ಕ್ಷಯದವು. ತೋಳಿಗೆ ಹಾಕಿದ ಕ್ಷಯ ಪರೀಕ್ಷೆಯ ಚುಚ್ಚುಮದ್ದಿನ ಜಾಗ ಉಬ್ಬಿತ್ತು. ರೋಗವಿಲ್ಲದವರಿಗೂ ಅದು ಉಬ್ಬುತ್ತದೆಂದು ಗೊತ್ತಿದ್ದೂ ಅವಳು ಸೂಜಿ ಹಾಕದೆಯೇ ಕ್ಷಯದ ಗುಳಿಗೆ ಬರೆದಳು. ಬೇರೆ ಯಾವ ರೋಗಿಗೂ ಹಾಗೆ ಮಾಡಿರಲಿಲ್ಲ.

ಈಗ ದಾರ ಸರಿದ ಜಾಗದಲ್ಲಿ ಅಡಕೆಯಷ್ಟು ದೊಡ್ಡ ಗಡ್ಡೆ ಕಾಣುತ್ತಿತ್ತು. ಒತ್ತಿದಳು. ಕಲ್ಲಿನಂತಿತ್ತು, ಅಲುಗಲಿಲ್ಲ.

"ದಾರ ತಿಕ್ಕಿ ತಿಕ್ಕಿ ಬಂದದ್ದರೀ ಅದು," ಎಂದ ಜೊತೆಗೆ ಬಂದಿದ್ದ ಮಠದ ಹಾಲಯ್ಯ, ಬಾಗಿಲಿಗೆ ಒರಗಿಕೊಂಡು. "ಖರೇ ರೋಗ ಇವರ ಕೈಯಾಗೈತಿ. ಒಂದಿನ ಸಾರಿಗೆ ಎರಡು ಸಲ ಉಪ್ಪು, ಒಂದಿನ ಉಪ್ಪ ಇಲ್ಲ. ಕಾಶೀಗೆ ಬಂದ ಮಂದಿ ಊಟಕ್ಕ ಕಚೋರಿ ಅಂಗಡಿ ಹುಡುಕಾಕತ್ಯಾರ."

"ರುಚಿ ನೋಡೂದು ಬಿಟ್ಟೀನೋ ಮಾರಾಯಾ. ಎರಡು ತುತ್ತಿಗೆ ಹೊಟ್ಟಿ ತುಂಬತೈತಿ. ಶ್ರಾವಣಕ್ಕಿಂತ ಮೊದಲ ನಂದು ಉಪವಾಸ."

"ಯಾವಾಗಿಂದರೀ?" ಶರಣ್ಯಾ ಕೇಳಿದಳು.

"ಹೋಳಿ ಹುಣ್ಣಿವಿಯಿಂದ ಇರಬೇಕು."

ಹೋಳಿ ಎಂದರೆ ಗುಳಿಗೆಗೂ ಮೊದಲು; ಹಸಿವು ಕೆಟ್ಟದ್ದು ಗುಳಿಗೆಯಿಂದಲ್ಲ. ಏಪ್ರಿಲ್‌ನಲ್ಲಿ ಅವಳು ಊಟದ ಮಾತೇ ಕೇಳಿರಲಿಲ್ಲ.

ಸೂಜಿ ಚರ್ಮ ದಾಟಿತು. ಬಿಳಿ ಕೀವು ಬರಲಿ ಎಂದು ಅವಳು ಬಯಸಿದಳು. ಕೀವು ಬಂದರೆ ಬಹುಶಃ ಕ್ಷಯ. ಗುಳಿಗೆಯೂ ಸರಿ, ಈ ಮನುಷ್ಯನೂ ಉಳಿಯುತ್ತಾನೆ. ಸಿರಿಂಜು ಹಿಂದಕ್ಕೆಳೆದಾಗ ಬಂದದ್ದು ರಕ್ತ ಬೆರೆತ, ರವೆಯಂಥ ಚೂರು. ಅದನ್ನು ನಾಲ್ಕು ಗಾಜಿನ ಪಟ್ಟಿಗಳ ಮೇಲೆ ಸವರಿದಳು. ಕುಮಾರಯ್ಯ ಕಣ್ಣು ಮುಚ್ಚಿ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಕೂತೇ ಇದ್ದರು.

ನಾಲ್ಕನೆಯ ದಿನ ವರದಿ ಬಂತು. ಕುಮಾರಯ್ಯನವರೂ ಬಂದರು, ಒಬ್ಬರೇ. ತಲೆಗೆ ಬಿಳಿ ವಸ್ತ್ರ ಸುತ್ತಿದ್ದರು. ಶರಣ್ಯಾ ಬಾಗಿಲು ಮುಚ್ಚಿ ಬಂದು, ಮೇಜಿನ ಆಚೆ ಕೂರದೆ ಅವರ ಪಕ್ಕದ ಸ್ಟೂಲಿನಲ್ಲಿ ಕೂತಳು.

"ಕ್ಷಯ ಅಲ್ರಿ ಅಯ್ನೋರ. ಕ್ಯಾನ್ಸರ್. ಹೊಟ್ಟಿಯೊಳಗ ಹುಟ್ಟಿ ಕೊರಳಿಗೆ ಬಂದಂಗ ಕಾಣತೈತಿ. ನಾಳೆ ಬಾಯಿಂದ ಹೊಟ್ಟಿಗೆ ದುರ್ಬೀನಿನ ನಳಿಗಿ ಇಳಿಸಿ ನೋಡತಾರ."

"ಕೊಯ್ದು ತಗೀತಾರೇನು?"

"ಕೊರಳಿಗೆ ಬಂದಮ್ಯಾಲೆ ಕೊಯ್ಯೂದಿಲ್ರಿ. ಔಷಧ ಕೊಡತಾರ."

ಅವರು ತಲೆದೂಗಿದರು. ಹೊರಗೆ ಯಾರೋ ಮುಂದಿನ ರೋಗಿಯನ್ನು ಹಿಂದಿಯಲ್ಲಿ ಎರಡು ಸಲ ಕೂಗಿದರು.

"ಆ ದಾರದ ಬುಡಕ ನಾ ಅವತ್ತು ಮುಟ್ಟಿ ನೋಡಲಿಲ್ಲ," ಎಂದಳು ಶರಣ್ಯಾ. "ನೋಡಬೇಕಿತ್ತು. ತಪ್ಪು ನಂದು."

"ಅವತ್ತು ಸಿಕ್ಕಿದ್ರ ಉಳೀತಿದ್ನೇನವ್ವಾ?"

ಹೌದು, ಇಲ್ಲ ಎಂಬ ಸುಲಭದ ಉತ್ತರ ಎರಡಿದ್ದವು. ಅವಳು ಎರಡನ್ನೂ ಹೇಳಲಿಲ್ಲ. "ಗೊತ್ತಿಲ್ರಿ. ಆದ್ರ ಮೂರು ತಿಂಗಳು ಸುಮ್ಮನ ಹೋಗ್ತಿರಲಿಲ್ಲ."

ಕುಮಾರಯ್ಯ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ, ಕೊರಳಪಟ್ಟಿಯನ್ನು ಸರಿಸಿದರು. ಕೊರಳಲ್ಲಿ ದಾರವಿರಲಿಲ್ಲ.

"ಲಿಂಗ ತಲೀಮ್ಯಾಲ ಕಟ್ಟೀನಿ," ಎಂದರು ಬಿಳಿ ವಸ್ತ್ರ ಮುಟ್ಟಿ. "ಹಂಗೂ ಧರಿಸಬಹುದು, ಶಾಸ್ತ್ರದಾಗೈತಿ. ನಿಮಗ ನೋಡಾಕ ಅಡ್ಡ ಬರಬಾರದಂತ."

ಕತ್ತನ್ನು ಬಲಕ್ಕೆ ವಾಲಿಸಿ ಕಾದರು. ದಾರವಿದ್ದ ಜಾಗದುದ್ದಕ್ಕೂ ಬಿಸಿಲು ಕಾಣದ ಚರ್ಮದ ತೆಳು ಗೆರೆಯೊಂದು ಗಡ್ಡೆಯ ಮೇಲಿಂದ ಹಾದು ಅಂಗಿಯೊಳಗೆ ಇಳಿದಿತ್ತು.