ಅಂಗೈಯ ಒಂದೇ ಗೆರೆ

ಹೊರಗೆ ಹೆಂಗಸರ ಅಳು ಕೇಳಿದ ಕೂಡಲೇ ಶಾಂಭವಿ ತೊಡೆಯ ಮೇಲಿದ್ದ ಕೂಸಿನ ಕುಂಚಿಗೆಯನ್ನು ಕಿವಿ ಮುಚ್ಚುವಂತೆ ಎಳೆದು, ಗದ್ದದ ಕೆಳಗೆ ದಾರ ಬಿಗಿದಳು. ಆಮೇಲೆ ಅದರ ಎರಡೂ ಕೈಗಳನ್ನು ಬಟ್ಟೆಯೊಳಗೆ ಸೇರಿಸಿ ಸುತ್ತಿದಳು. ಸೆಕೆಗೆ ಕೂಸು ಮುಖ ಕಿವುಚಿತು. ಆದರೂ ಅವಳು ಬಿಚ್ಚಲಿಲ್ಲ.

ಅವಳ ಗಂಡನ ಅಣ್ಣ ಪ್ರಭುವನ್ನು ನಡುಮನೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಜಳಕ ಮಾಡಿಸಿ, ಹೊಸ ಧೋತರ ಉಡಿಸಿ, ಹಣೆ ತುಂಬ ವಿಭೂತಿ ಬಳಿದಿದ್ದರು. ನಲವತ್ತರ ಹತ್ತಿರದ ಮನುಷ್ಯ, ಎತ್ತರ ಮಾತ್ರ ಹುಡುಗನಷ್ಟು. ಬೆಳಿಗ್ಗೆ ಎದೆ ಹಿಡಿದುಕೊಂಡು ಏದುತ್ತ ಕಟ್ಟೆಯ ಮೇಲೆ ಕುಳಿತವನು ಮತ್ತೆ ಏಳಲಿಲ್ಲ. ಚಪ್ಪಟೆ ಮೂಗು, ಮೇಲಕ್ಕೆ ಓರೆಯಾದ ಕಣ್ಣು, ಮಡಚಿಟ್ಟಂಥ ಸಣ್ಣ ಕಿವಿ, ತುಸುವೇ ಹೊರಗೆ ಕಾಣುವ ನಾಲಿಗೆಯ ತುದಿ. ತಿರ್ಲಾಪುರದಲ್ಲಿ ಈ ಮುಖವನ್ನು ಅರಿಯದವರಿಲ್ಲ. ಶಾಂಭವಿಯ ಭಯವೂ ಅದೇ. ಇಷ್ಟು ವರ್ಷ ಈ ಮುಖ ನೋಡಿದವರು ಇವತ್ತು ಅದನ್ನು ಕಡೆಯ ಸಲ ನೋಡಿ, ತಿರುಗಿ ತನ್ನ ತೊಡೆಯ ಕಡೆ ನೋಡಿದರೆ?

ಬಾಗಿಲ ಬಳಿ ಚಹಾದಂಗಡಿಯ ಮಾಬುಸಾಬ ಜಮಖಾನ ಹಾಸುತ್ತಿದ್ದ. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಗುಡಿಯ ಜಮಖಾನ ಹೆಗಲ ಮೇಲೆ ಹೊತ್ತು ಮೊದಲು ಬರುತ್ತಿದ್ದವನು ಪ್ರಭು. ಹಾಸಿ, ಸುಕ್ಕು ತೀಡಿ, ಯಾರು ಹೆಚ್ಚು ಅಳುತ್ತಾರೋ ಅವರ ಪಕ್ಕದಲ್ಲಿ ಹೋಗಿ ಕೂರುತ್ತಿದ್ದ. ಮಾತು ತೊದಲು, ಹಾಗಾಗಿ ಏನನ್ನೂ ಹೇಳುತ್ತಿರಲಿಲ್ಲ.

"ನಮ್ಮಪ್ಪ ಹೋದಾಗ ದಿನಾ ಪೂರ್ತಿ ನನ್ನ ಕೈ ಬಿಡಲಿಲ್ರಿ ಇಂವಾ," ಎಂದ ಮಾಬುಸಾಬ. "ಉಣ್ಣಾಕೂ ಏಳಲಿಲ್ಲ."

"ಖರೆ ಐತಿ. ಆದ್ರೂ ಅನ್ನವ್ವಕ್ಕಗ ಬಿಡುಗಡಿ ಆತು ಬಿಡ," ಎಂದಳು ನೆರೆಮನೆಯ ಹನಮವ್ವ. "ತನ್ನ ಹಿಂದ ಇವನ್ನ ಯಾರ ನೋಡ್ತಾರ ಅನ್ನೂ ಚಿಂತಿ ಹೋತು. ಇಂಥಾವ್ರು ಮೊದಲ ಹೋಗೂದಽ ಚಲೋ."

ಶಾಂಭವಿ ಕೂಸನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಅತ್ತೆ ಅನ್ನವ್ವ ಮಗನ ಪಾದದ ಹತ್ತಿರ ಕುಳಿತಿದ್ದಳು. ಅವಳಿಗೆ ಆ ಮಾತು ಕೇಳಿಸಿತೋ ಇಲ್ಲವೋ.

*

ಮದುವೆಯಾಗಿ ಬಂದ ಹೊಸದರಲ್ಲಿ ಶಾಂಭವಿಗೆ ಭಾವನ ಮುಖ ನೋಡಲು ಹೆದರಿಕೆಯಾಗುತ್ತಿತ್ತು. ಅವನಿಗೂ ಅದು ತಿಳಿದಿರಬೇಕು. ನೀರು ತಂದರೆ ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟು ಸರಿದು ನಿಲ್ಲುತ್ತಿದ್ದ. ಆ ಹೆದರಿಕೆ ಯಾವಾಗ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. ಅವಳು ಬಸುರಿಯಾದಾಗ ಹೊಲದಿಂದ ಹಸಿ ಕಡಲೆಗಿಡ ಕಿತ್ತು ತಂದು, ಮೋಟು ಬೆರಳುಗಳಿಂದ ಒಂದೊಂದೇ ಕಾಯಿ ಸುಲಿದು ಕೊಡುತ್ತಿದ್ದ.

ಮಗಳು ಅಮೃತಾ ಹುಟ್ಟಿದ ಮೇಲೆ ಹೆದರಿಕೆ ಮರಳಿ ಬಂತು. ತವರುಮನೆ ದುಮ್ಮವಾಡದಲ್ಲಿ ಬಾಣಂತನ. ಚುಚ್ಚುಮದ್ದು ಹಾಕಲು ಬಂದ ನರ್ಸಬಾಯಿ ಕೂಸಿನ ಅಂಗೈ ಬಿಡಿಸಿ ನೋಡಿದಳು. ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಿನ ಅಗಲ ಸಂದನ್ನು ನೋಡಿದಳು.

"ಹುಬ್ಬಳ್ಳ್ಯಾಗ ದೊಡ್ಡ ಡಾಕ್ಟರಿಗೆ ಒಮ್ಮೆ ತೋರಸ್ರಿ," ಎಂದಳು.

ಶಾಂಭವಿ ಹೂಂ ಎಂದಳು. ಗಂಡ ಸಿದ್ಧಾರೂಢನಿಗೆ ಹೇಳಲಿಲ್ಲ, ಹಡೆದ ತಾಯಿಗೂ ಹೇಳಲಿಲ್ಲ. ಬಾಯಿ ಬಿಟ್ಟು ಆಡಿದರೆ ಅದು ನಿಜವಾಗಿಬಿಡುತ್ತದೆ ಎನಿಸಿತ್ತು.

ತಿರ್ಲಾಪುರಕ್ಕೆ ಮರಳಿದ ದಿನ ಪ್ರಭು ತೊಟ್ಟಿಲ ಬಳಿ ಕುಳಿತು ಕೂಸಿನ ಮುಷ್ಟಿ ಬಿಡಿಸಿದ. ಅಂಗೈಗೆ ಅಡ್ಡವಾಗಿ ಒಂದೇ ಗೆರೆ. ತನ್ನ ಅಂಗೈಯನ್ನು ಅದರ ಪಕ್ಕಕ್ಕೆ ಹಿಡಿದ. ಅಲ್ಲಿಯೂ ಒಂದೇ.

"ನಂದು," ಎಂದು ನಕ್ಕ. "ನಂದಽ ಕೈ."

ಶಾಂಭವಿ ಕೂಸಿನ ಮುಷ್ಟಿ ಮುಚ್ಚಿ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

*

ಅಂತ್ಯವಿಧಿ ಮಾಡಿಸುವ ಅಯ್ಯನವರು ಬಂದು, ಲಿಂಗವನ್ನಿಡಲು ಪ್ರಭುವಿನ ಎಡಗೈಯ ಸೆಟೆದ ಬೆರಳುಗಳನ್ನು ಮೆಲ್ಲಗೆ ಬಿಡಿಸಿದರು.

"ನೋಡ ಯವ್ವಾ, ಅಂಗೈಯಾಗ ಒಂದಽ ಗೆರಿ," ಹನಮವ್ವ ಪಿಸುಗುಟ್ಟಿದಳು. "ಹುಟ್ಟಿದಾಗ ಸೂಲಗಿತ್ತಿ ಇದನ್ನ ನೋಡೇ, ಈ ಕೂಸು ಎಲ್ಲಾರ ಹಂಗ ಅಲ್ಲ ಅಂತ ಹೇಳಿದ್ಲಂತ."

ಶಾಂಭವಿ ಬಟ್ಟೆಯೊಳಗಿನ ಸಣ್ಣ ಕೈಗಳನ್ನು ಅದುಮಿ ಹಿಡಿದಳು. ಕೂಸು ಕಿರುಚಿತು. ಅತ್ತು ಅತ್ತು ಅದರ ಮುಖ ಕೆಂಪಾಯಿತು, ಆಮೇಲೆ ತುಟಿ ನೀಲಿಗೆ ತಿರುಗಿತು.

"ಕೂಸು ಕುದಿಯಾಕ ಹತ್ತೇತಿ. ಇಷ್ಟ್ಯಾಕ ಸುತ್ತೀದಿ? ಕೊಡ ಇಲ್ಲೆ," ಹನಮವ್ವ ಕೈ ಚಾಚಿದಳು.

"ಬ್ಯಾಡ್ರಿ. ಥಂಡಿ ಆಗೇತಿ."

"ಈ ಬಿಸಲಾಗ ಎಲ್ಲಿ ಥಂಡಿ."

ಹನಮವ್ವ ಕೂಸನ್ನು ಎತ್ತಿಕೊಂಡೇಬಿಟ್ಟಳು. ದಾರ ಎಳೆದು ಕುಂಚಿಗೆ ತೆಗೆದು, ಸೆರಗಿನಿಂದ ಗಾಳಿ ಹಾಕತೊಡಗಿದವಳ ಕೈ ನಿಂತಿತು. ಕೂಸಿನ ಕಿವಿ ನೋಡಿದಳು. ಕಣ್ಣು ನೋಡಿದಳು. ಗೋಡೆಗೆ ಆನಿಸಿದ್ದ ಪ್ರಭುವಿನ ಕಡೆ ತಿರುಗಿದಳು, ಮತ್ತೆ ಕೂಸಿನ ಕಡೆ. ಹತ್ತಿರದ ಹೆಂಗಸರ ಅಳು ಒಂದೊಂದಾಗಿ ತಣ್ಣಗಾಯಿತು.

"ಅನ್ನವ್ವಕ್ಕಾ..."

"ನನಗ ಗೊತ್ತೈತಿ." ಅನ್ನವ್ವ ಎದ್ದು ಬಂದಳು. "ತೊಟ್ಟಲಕ್ಕ ಹಾಕಿದ ದಿನಾನಽ ಗೊತ್ತಾತು. ಈ ಮುಖಾ ತೊಳದು ತೊಳದು ಮುದುಕಿ ಆದಾಕಿ ನಾ."

ಶಾಂಭವಿ ತಲೆಯೆತ್ತಿದಳು. "ಮತ್ತ ಯಾಕ ಸುಮ್ನಿದ್ರಿ, ಅತ್ತಿ?"

"ನೀನಽ ಹೇಳ್ತಿ ಅಂತ ಹಾದಿ ನೋಡಿದೆ. ನೀ ಹೆದರಿದ್ದಿ. ನಾನೂ ಹೆದರಿದ್ದೆ." ಅನ್ನವ್ವ ಕೂಸನ್ನು ತೆಗೆದುಕೊಂಡು ಅದರ ತುಟಿಯ ಮೇಲೆ ಬೆರಳಾಡಿಸಿದಳು. "ಪ್ರಭೂಗ ಎದಿಯೊಳಗ ತೂತು ಇತ್ತು. ಸಣ್ಣಾಂವ ಇದ್ದಾಗ ಅತ್ತರ ಹಿಂಗಽ ನೀಲಿ ಆಗ್ತಿದ್ದ. ಮಂದಿ ಏನಂತಾರೋ ಅಂತ ಮನ್ಯಾಗ ಮುಚ್ಚಿಟಗೊಂಡ ಕುಂತೆ. ದೊಡ್ಡ ದವಾಖಾನಿಗೆ ಒಯ್ಯೂದ್ರಾಗ ವ್ಯಾಳ್ಯಾ ಮೀರೇತಿ, ಇನ್ನ ಆಪರೇಶನ್ ಆಗೂದಿಲ್ಲ ಅಂದ್ರು."

ಹೊರಗೆ ಭಜನೆಯವರು ತಾಳ ಹಿಡಿದರು. ಗಂಡಸರು ಒಳಗೆ ಬಂದು ಪ್ರಭುವನ್ನು ಎತ್ತಿ ಒಯ್ದು, ಹೆಣ ಹೊರುವ, ಹೂವು ಕಟ್ಟಿದ ವಿಮಾನದಲ್ಲಿ ಕೂರಿಸಿದರು. ಸಿದ್ಧಾರೂಢ ಬಾಗಿಲಲ್ಲಿ ನಿಂತ.

"ಯವ್ವಾ, ಎತ್ತಾಕ ಹತ್ತ್ಯಾರ. ಕಡೀಕ ಒಮ್ಮೆ ಮುಖಾ ನೋಡು ಬಾ."

"ನೀ ಮಣ್ಣ ಕೊಟ್ಟ ಬಾ. ಬಂದ ಕೂಡ್ಲೇ ಒಂದ ಗಾಡಿ ಮಾಡು, ಕೂಸಿನ ಎದಿ ತೋರಸಾಕ ಹುಬ್ಬಳ್ಳಿಗೆ ಹೋಗೂಣು."

"ಇವತ್ತಽ?"

"ಇವತ್ತಽ."

ಅವನು ತಾಯಿಯನ್ನು ನೋಡಿದ. ಅಳು ನಿಲ್ಲಿಸಿ ಅವಳ ತೋಳಿನಲ್ಲಿ ಬರಿತಲೆಯಲ್ಲಿ ಮಲಗಿದ್ದ ಮಗಳನ್ನು ನೋಡಿದ. ಹೊರಗಿನಿಂದ ಯಾರೋ ಕರೆದರು, ಹೋದ.

ಅನ್ನವ್ವ ಬಾಗಿಲಿಗೆ ಹೋಗಲಿಲ್ಲ. ನೆಲದ ಮೇಲೆ ಕುಳಿತು, ಕೂಸಿನ ಅಂಗಿ ಬಿಚ್ಚಿ, ಬಗ್ಗಿ ಅದರ ಎದೆಗೆ ಕಿವಿಯಿಟ್ಟಳು. ಸುಮ್ಮನಿರಿ ಎಂಬಂತೆ ಒಂದು ಕೈ ಎತ್ತಿದಳು. ಹನಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಾಳದ ಸದ್ದು ಓಣಿ ತಿರುಗಿ, ದೂರವಾಗಿ, ನಿಂತೇಹೋಯಿತು. ಶಾಂಭವಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಅನ್ನವ್ವನ ಕಣ್ಣುಗಳು ಮುಚ್ಚಿದ್ದವು. ಎತ್ತಿದ ಕೈ ಇನ್ನೂ ಇಳಿದಿರಲಿಲ್ಲ.