ಕಿತ್ತಳೆ ಬಣ್ಣದ ಹುಳ

ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿಗೆ ಅಲ್ಲಿನ ಜನ ಇಟ್ಟ ಹೆಸರು ಫಿನೈಲಮ್ಮ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಆದರೆ ಆಕೆಗೆ ಗೊತ್ತು, ಒಳಗೊಳಗೇ ಖುಷಿಯೂ ಇದೆ. ರಕ್ತ, ಕೀವು, ವಾಂತಿ ಮೆತ್ತಿದ ಹಾಸುಬಟ್ಟೆಗಳನ್ನು ಇಷ್ಟು ವರ್ಷ ಮೂಗು ಮುಚ್ಚಿಕೊಳ್ಳದೆ ನೋಡಿದವಳು. ಅವು ಕುದಿನೀರಿಗೆ ಹೋಗುತ್ತವೆ, ಬೆಳ್ಳಗಾಗಿ ಹೊರಬರುತ್ತವೆ, ಅಲ್ಲಿಗೆ ಮುಗಿಯಿತು. ಕುದಿಸಲಾಗದ ಕೊಳೆ ಕಂಡರೆ ಮಾತ್ರ ಮೈಮೇಲೆ ಹಲ್ಲಿ ಬಿದ್ದವಳಂತೆ ಆಡುತ್ತಾಳೆ. ಅಂಥವಳು ನಡುಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟುಕೊಂಡು ಜೀವಂತ ಹವಳ ಸಾಕುತ್ತಿದ್ದಳು. ಆ ತೊಟ್ಟಿ ಅವಳ ಅಡುಗೆಮನೆಗಿಂತಲೂ ಚೊಕ್ಕಟವಾಗಿತ್ತು.

ಆ ಶನಿವಾರ ಬೆಳಿಗ್ಗೆ, ಅತ್ತಿಗೆ ಕಾಪಾಡಲು ಕೊಟ್ಟಿದ್ದ ಹವಳದ ಕಲ್ಲಿನ ಮೇಲೆ ಹೊಸ ಮೊಗ್ಗೊಂದು ಕಂಡಿತು. ಕಲ್ಲಿನ ತುಂಬ ಹರಡಿದ್ದು ಹಸಿರು ಹವಳ, ಅಂಗಿಯ ಗುಂಡಿಗಳನ್ನು ಒತ್ತೊತ್ತಾಗಿ ಹೊಲಿದಿಟ್ಟಂತೆ. ಅದರ ನಡುವೆ ಕಿತ್ತಳೆ ಬಣ್ಣದ್ದು ಒಂದೇ ಒಂದು. ಪಕ್ಕದಲ್ಲೇ ಇದ್ದ ತನ್ನ ಕಿತ್ತಳೆ ಹವಳ ಇತ್ತ ಕುಡಿಯೊಡೆದಿದೆ ಎಂದುಕೊಂಡು ಫಿನೈಲಮ್ಮ ಹಿಗ್ಗಿದಳು. ಭೂತಗನ್ನಡಿ ತಂದು ಗಾಜಿಗೆ ಹಿಡಿದಳು. ಮೊಗ್ಗು ಮೆಲ್ಲಗೆ ಮೈ ಎತ್ತಿ ಪಕ್ಕದ ಗುಂಡಿಯ ಮೇಲಕ್ಕೆ ನಡೆಯಿತು.

"ಥೂ!" ಎಂದವಳು ಗಾಜಿನಿಂದ ಹಿಂದಕ್ಕೆ ಹಾರಿದಳು.

ಅದು ಚಿಪ್ಪಿಲ್ಲದ ಬಸವನಹುಳು, ಸಮುದ್ರದ ಜಾತಿಯದು. ಬೆನ್ನ ತುಂಬ ಹವಳದ ಎಸಳಿನಂಥದ್ದೇ ಜೂಲು, ಮುಂದೆ ಎರಡು ಮೀಸೆ. ಹವಳದ ಬಾಯಿಗೆ ತನ್ನ ಮೂತಿಯಿಟ್ಟು, ಹಾಲು ಕುಡಿಯುವ ಕೂಸಿನಷ್ಟು ನೆಮ್ಮದಿಯಾಗಿ ಚೀಪುತ್ತಿತ್ತು. ಅದು ಚೀಪಿ ಬಿಟ್ಟ ಗುಂಡಿ ಸಿಂಬಳದಂತೆ ಕರಗಿ ನೀರಿನಲ್ಲಿ ಜೋಲಾಡುತ್ತಿತ್ತು. ಈ ಹುಳವನ್ನೇ ಅಲ್ಲವೇ ಫಿನೈಲಮ್ಮ ಒಂದು ಗಳಿಗೆ ಮುಂಚೆ ಬಾಯಿತುಂಬ 'ಕಂದಾ' ಎಂದು ಕರೆದದ್ದು! ಚಿಮ್ಮಟದಲ್ಲಿ ಹಿಡಿದೆಳೆದು ಕಕ್ಕಸಿಗೆ ಹಾಕಿ ನೀರು ಬಿಟ್ಟಳು. ಸಮಾಧಾನವಾಗದೆ ಮತ್ತೊಮ್ಮೆ ಬಿಟ್ಟಳು.

ಒಂದು ಕಂಡಿತೆಂದರೆ ಕಲ್ಲಿನ ಅಡಿಯಲ್ಲಿ ಇನ್ನಷ್ಟು ಇದ್ದೇ ಇರುತ್ತವೆ. ಕಲ್ಲು ಮಗುಚಿ ನೋಡಬೇಕಿತ್ತು. ಆ ಲೋಳೆಯನ್ನು ನೆನೆದೇ ಅವಳ ಬೆರಳು ಮಡಚಿಕೊಂಡವು.

ಬಂದದ್ದೆಲ್ಲಿಂದ ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಶಾಲೆಯ ಬಸ್ಸು ಓಡಿಸುವ ಅತ್ತಿಗೆ ಸೀಟಿನ ಮೇಲೇ ಉಂಡು, ಅದೇ ಕೈಯಲ್ಲಿ ಸ್ಟೀರಿಂಗ್ ಹಿಡಿಯುವ ಹೆಂಗಸು. ಮನೆ ಬದಲಾಯಿಸುವಾಗ ಅವಳ ತೊಟ್ಟಿ ಒಡೆದು ಹವಳವೆಲ್ಲ ಸತ್ತು, ಉಳಿದದ್ದು ಇದೊಂದೇ ಕಲ್ಲು. ಹೊಸ ತೊಟ್ಟಿ ಸಿದ್ಧವಾಗುವವರೆಗೆ ಕಾಪಾಡಿಕೊಡು ಎಂದು ನಾದಿನಿಯ ಕೈಗೆ ಒಪ್ಪಿಸಿದ್ದಳು. ಅದನ್ನು ಅವಳ ಕಣ್ಣೆದುರೇ ಔಷಧಿನೀರಿನಲ್ಲಿ ಮುಳುಗಿಸಿ ತೆಗೆದು ಫಿನೈಲಮ್ಮ ಒಳಗೆ ಬಿಟ್ಟಿದ್ದಳು. ಅಷ್ಟು ಮಾಡಿದರೂ ಅವಳ ಗಲೀಜು ತನ್ನ ಮನೆ ಸೇರಿತಲ್ಲ!

ಸಂಜೆ ಅತ್ತಿಗೆ ಕಲ್ಲು ಒಯ್ಯಲು ಬರುವವಳಿದ್ದಳು. ಹೇಳಿದರೆ ಫಿನೈಲಮ್ಮನ ತೊಟ್ಟಿಯಲ್ಲೂ ಹುಳ ಎಂದು ಬಳಗವೆಲ್ಲ ಹಲ್ಲು ಕಿಸಿಯುತ್ತದೆ. ಹೇಳದಿದ್ದರೆ ಅತ್ತಿಗೆಯ ಉಳಿದೊಂದು ಹವಳದ ಜೊತೆಗೆ ಹೊಸ ತೊಟ್ಟಿಯೂ ಹುಳದ ಪಾಲು. ಅವಳ ಹುಳ, ಅವಳೇ ಒಯ್ಯಲಿ ಎಂದುಕೊಂಡಳು. ಹಾಗೆ ಅಂದುಕೊಂಡ ತನ್ನ ಮೇಲೂ ಅವಳಿಗೆ ಕೊಂಚ ಹೇಸಿಗೆಯಾಯಿತು.

ಅತ್ತಿಗೆ ಬಂದವಳೇ ಚಪ್ಪಲಿ ಒಂದು ದಿಕ್ಕಿಗೆ, ಬ್ಯಾಗು ಇನ್ನೊಂದು ದಿಕ್ಕಿಗೆ ಎಸೆದು ತೊಟ್ಟಿಯ ಮುಂದೆ ಕುಕ್ಕರಿಸಿದಳು.

"ಅಯ್ಯೋ, ಎಷ್ಟು ತುಂಬ್ಕೊಂಡಿದೆ! ಪರವಾಗಿಲ್ಲ ಕಣೇ, ಚೆನ್ನಾಗೇ ನೋಡ್ಕೊಂಡಿದೀಯ. ಅವರಿವರು ಕೊಟ್ಟ ಪುಟ್ಟ ಹವಳಗಳನ್ನ ಹೊಸ ತೊಟ್ಟೀಲಿ ಬಿಟ್ಟಿದೀನಿ. ಇದೂ ಅಲ್ಲಿಗೆ ಸೇರಿದ್ರೆ ಹಿರೀಕರು ಬಂದ ಹಾಗೆ."

"ಮನೇಗೆ ಹೋದ್ಮೇಲೆ ಔಷಧೀಲಿ ಅದ್ದಿ ಬಿಡಿ, ಅತ್ತಿಗೆ."

"ಯಾಕೆ? ನಿನ್ನ ಮನೆಯಿಂದ ಬಂದದ್ದನ್ನ ತೊಳೆಯೋದು ಅಂದ್ರೆ ನೀರನ್ನೇ ತೊಳೆದ ಹಾಗೆ. ಸೀದಾ ಬಿಡ್ತೀನಿ."

ಫಿನೈಲಮ್ಮನ ಬಾಯಲ್ಲಿ ಬಿಸಿತುಪ್ಪ. ಅತ್ತಿಗೆ ಚೀಲಕ್ಕೆ ನೀರು ತುಂಬಿಸಿದಳು, ಕೈಗವಸು ತೊಟ್ಟಳು, ತೊಟ್ಟಿಯೊಳಗೆ ಕೈ ಇಳಿಸಿದಳು.

"ಅತ್ತಿಗೆ, ಅದ್ರಲ್ಲಿ ಹುಳ ಇದೆ." ಅಲ್ಲಿಗೆ ನಿಲ್ಲಿಸಿದ್ದರೆ ಎಷ್ಟೋ ಚೆನ್ನಾಗಿತ್ತು. ನಾಲಿಗೆ ಕೇಳಲಿಲ್ಲ. "ನಿಮ್ಮ ಕಲ್ಲಲ್ಲೇ ಬಂದಿದ್ದು."

ಅತ್ತಿಗೆಯ ನಗು ನಿಂತಿತು. "ಒಂದು ಬಿಳೀ ಬಟ್ಲು ಕೊಡು" ಎಂದಳು.

ಕಲ್ಲನ್ನು ಬಟ್ಟಲಿನ ನೀರಲ್ಲಿಟ್ಟು ರಬ್ಬರ್ ಪಿಚಕಾರಿಯಿಂದ ಅಡಿಗೆ ನೀರು ಚಿಮ್ಮಿಸಿದಳು. ಒಂದಾದ ಮೇಲೊಂದು ಉದುರಿದವು. ಬಿಳಿಯ ತಳದಲ್ಲಿ ಹೊರಳಾಡಿ, ಮೀಸೆ ಅಲ್ಲಾಡಿಸುತ್ತ, ಒಂದರ ಮೇಲೊಂದು ಹತ್ತತೊಡಗಿದವು. ಫಿನೈಲಮ್ಮ ಸೆರಗಿಲ್ಲದ್ದಕ್ಕೆ ಅಂಗಿಯ ತೋಳನ್ನೇ ಬಾಯಿಗೆ ಒತ್ತಿ ಹಿಡಿದಳು.

"ನೋಡಿಲ್ಲಿ. ನನ್ನ ಹವಳ ಯಾವ ಬಣ್ಣ?"

"ಹಸಿರು."

"ಇವು?"

ಫಿನೈಲಮ್ಮ ನೋಡಿದಳು. ಬಟ್ಟಲಲ್ಲಿದ್ದವೆಲ್ಲ ಕಿತ್ತಳೆ.

"ಯಾವ ಹವಳ ತಿನ್ನುತ್ತೋ ಅದರ ಬಣ್ಣಾನೇ ಮೈಗೆ ಬರುತ್ತೆ ಈ ಹುಳಕ್ಕೆ. ನನ್ನ ಕಲ್ಲಲ್ಲಿ ಹುಟ್ಟಿ ಬೆಳೆದಿದ್ರೆ ಹಸಿರಾಗಿರೋದು. ಇವು ಬೇರೆ ಕಡೆ ಉಂಡು, ಈಗ ತಾನೇ ಇತ್ತ ಬಂದಿರೋವು."

ತೊಟ್ಟಿಯಲ್ಲಿ ಕಿತ್ತಳೆ ಬಣ್ಣದ ಹವಳ ಇದ್ದದ್ದು ಒಂದೇ. ಫಿನೈಲಮ್ಮ ತಾನೇ ಅಂಗಡಿಯಲ್ಲಿ ಆರಿಸಿ ತಂದು, ಬಂದವರಿಗೆಲ್ಲ ತೋರಿಸಿ ಮೆರೆದದ್ದು. ಅತ್ತಿಗೆ ಅದನ್ನೆತ್ತಿ ಮಗುಚಿದಳು. ಅಡಿಯಲ್ಲೆಲ್ಲ ಸುರುಳಿ ಸುರುಳಿಯಾಗಿ ಬಿಳಿ ಮೊಟ್ಟೆಗಳು, ಸುರುಳಿಯ ಮೇಲೆ ಸುರುಳಿ, ಒಣಗದ ಎಂಜಲಿನಂತೆ. ತನ್ನ ಎಲೆಯ ಹೆಗ್ಗಣ ಬಿಟ್ಟು ಪಕ್ಕದೆಲೆಯ ನೊಣ ಹುಡುಕಿದವಳಿಗೆ ಹೆಗ್ಗಣ ಮರಿ ಹಾಕಿದ್ದೂ ಕಂಡಿತು.

"ತಂದಾಗ ಇದನ್ನೂ ಔಷಧೀಲಿ ಅದ್ದೇ ಬಿಟ್ಟಿದ್ದು ಅತ್ತಿಗೆ, ಆಣೆಗೂ!"

"ಔಷಧಿಗೆ ಹುಳ ಸಾಯುತ್ತೆ, ಮೊಟ್ಟೆ ಸಾಯಲ್ಲ. ಅಡಿ ಕೆರೆದ್ಯಾ?"

ಫಿನೈಲಮ್ಮ ನೆಲ ನೋಡಿದಳು. "ಲೋಳೆ ಲೋಳೆ ಇತ್ತು. ಮುಟ್ಟೋಕೆ ಹೇಸಿಗೆ ಆಯ್ತು."

ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ತನ್ನ ಕಲ್ಲನ್ನು ಎರಡು ಚೀಲಗಳಲ್ಲಿ ಬಿಗಿಯಾಗಿ ಕಟ್ಟಿ, "ಇದನ್ನ ತೊಟ್ಟಿಗೆ ಬಿಡಲ್ಲ, ಬಕೆಟ್ಟಲ್ಲಿಟ್ಟು ದಿನಾ ಕೆರೀತೀನಿ. ಉಳಿದ್ರೆ ಉಳೀಲಿ" ಎಂದಳು. ಕೈಗವಸು ಕಳಚಿ ಕಸದಬುಟ್ಟಿಗೆ ಹಾಕಿದಳು. ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕಿದಳು, ಬೆರಳು ಮೂಸಿ ನೋಡಿದಳು, ಮತ್ತೆ ತಿಕ್ಕಿದಳು.

ಫಿನೈಲಮ್ಮ ಬೀರುವಿನಿಂದ ಹೊಸ ಟವೆಲೊಂದನ್ನು ತೆಗೆದು ಬಾಗಿಲಲ್ಲಿ ಹಿಡಿದು ನಿಂತಿದ್ದಳು. ಕುದಿಸಿ, ಇಸ್ತ್ರಿ ಹಾಕಿ, ಮಡಚಿಟ್ಟ ಬಿಳಿಯ ಟವೆಲು. ಅತ್ತಿಗೆ ಅದನ್ನೊಮ್ಮೆ ನೋಡಿದಳು.

"ಬೇಡ ಬಿಡು" ಎಂದು, ಒದ್ದೆ ಕೈಗಳನ್ನು ತಾನು ತೊಟ್ಟ ಬಸ್ಸಿನ ಧೂಳಿನ ಬಟ್ಟೆಗೇ ಒರೆಸಿಕೊಂಡಳು.