ಮುಚ್ಚಿದ ಕೋಣೆಯ ಪರಿಮಳ

ನನ್ನ ತಂಗಿ ಆಂಪಾರೊಳ ಅತ್ತೆ ದೋನ್ಯಾ ಕಾಸಿಮಿರಾರ ತೋಟದಲ್ಲಿ ಯಾವ ಹೊತ್ತಿಗೆ ಯಾರ ಮನಸ್ಸು ಹೇಗಿರುತ್ತದೆಂದು ಮೂಗೇ ಹೇಳುತ್ತದೆ. ಬೆಳಿಗ್ಗೆ ಕಿತ್ತಳೆ ಹೂವಿನ ಘಮಕ್ಕೆ ಬಟ್ಟೆ ಒಗೆಯುವವಳೂ ಹಾಡುತ್ತಾಳೆ. ಮಧ್ಯಾಹ್ನ ಗಾರ್ಡೇನಿಯಾ ಹೂವು ಬಿಸಿಲಿಗೆ ಕಾದರೆ ತಲೆ ಭಾರವಾಗಿ ಸಣ್ಣ ಮಾತಿಗೂ ಜಗಳ. ಸುಗಂಧರಾಜದ ಬಳಿ ಯಾರೂ ನಿಲ್ಲುವುದಿಲ್ಲ, ಅದು ಹೆಣದ ಪೆಟ್ಟಿಗೆಯ ಹೂವು. ಸಂಜೆಯಾದರೆ ಬಾವಿಯ ಪಕ್ಕದ ಫ್ಲೋರಿಪೋಂದಿಯೊ ಗಿಡ ಬಿಳಿ ಗಂಟೆಗಳಂಥ ತನ್ನ ಹೂಗಳನ್ನು ಇಳಿಬಿಟ್ಟು ಕಂಪು ಚೆಲ್ಲುತ್ತದೆ. ಅದು ದತ್ತೂರಿಯ ಬಳಗದ್ದು. ನಮ್ಮ ಕೋವಾತೆಪೆಕ್ ಊರಿನಲ್ಲಿ ಆ ಗಿಡದ ಕೆಳಗೆ ಯಾರೂ ಮಲಗುವುದಿಲ್ಲ. ನಿದ್ದೆ ಬಾರದವರ ದಿಂಬಿನಡಿ ಮಾತ್ರ ಒಂದು ಹೂವು ಇಡುವುದುಂಟು.

ಆಂಪಾರೊ ಬಾಣಂತಿ. ನಲವತ್ತು ದಿನ ಅವಳ ಕೋಣೆಗೆ ಗಾಳಿ ಹೊಗಬಾರದೆಂದು ಕಿಟಕಿಯ ಸಂದಿಗಳಿಗೂ ಬಟ್ಟೆ ತುರುಕಿದ್ದರು. ಕೂಸು ಅತ್ತೂ ಅತ್ತೂ ತಾಯಿಗೆ ನಿದ್ದೆಯಿಲ್ಲದಂತಾದಾಗ ಅತ್ತೆ ಅವಳ ದಿಂಬಿನಡಿ ಆ ಹೂವೊಂದನ್ನಿಟ್ಟರು.

ಭಾನುವಾರ ಸಂಜೆ ನಾನು ಹೋದಾಗ ಮನೆ ವಿಪರೀತ ನಿಶ್ಶಬ್ದವಾಗಿತ್ತು.

“ಮೆಲ್ಲಗೆ ಬಾರೇ ಒತೀಲಿಯಾ, ಕುದುರೆ ಥರ ನಡೀಬೇಡ,” ಎಂದರು ದೋನ್ಯಾ. “ತಾಯಿ, ಮಗು ಎರಡೂ ಮಲಗಿವೆ.”

“ಕೂಸು ಹಾಲು ಕುಡೀತಾ?”

“ಹಸಿವಾದ್ರೆ ಅಳುತ್ತೆ. ಅಳ್ತಿಲ್ಲ, ಅಂದ್ರೆ ಹಸಿವಿಲ್ಲ. ಏಳು ಹೆತ್ತೋಳು ನಾನು. ನೀನು ಬರೀ ಓದಿದೋಳು, ಟೀಚರಮ್ಮ.”

ಬಾಗಿಲು ತಳ್ಳಿದೆ. ತೋಟದಲ್ಲಿ ಹಗುರವಾಗಿ ತೇಲುತ್ತಿದ್ದ ಕಂಪು ಇಲ್ಲಿ ಗಂಟಲಿಗೆ ಅಂಟುವಷ್ಟು ಮಂದವಾಗಿತ್ತು. ತಂಗಿಯ ದಿಂಬನ್ನೆತ್ತಿದೆ. ಒಂದು ಹೂವು. ಮಂಚದ ಕೆಳಗೆ ನೋಡಿದರೆ ಬುಟ್ಟಿ ತುಂಬ ಹೂವು.

“ಅತ್ತೆಗೆ ಹೇಳ್ಬೇಡ ಅಕ್ಕಾ,” ಆಂಪಾರೊಳ ನಾಲಿಗೆ ತೊದಲಿತು. “ಒಂದು ಸಾಕಾಗ್ಲಿಲ್ಲ. ಬಟ್ಟೆ ಒಗೆಯೋಳ ಕೈಲಿ ತರಿಸ್ದೆ. ನೋಡು, ಎಷ್ಟು ಒಳ್ಳೆ ಮಗು ಆಗ್ಬಿಟ್ಟಿದೆ.”

ಅವಳ ಕಣ್ಣಿನ ಕಪ್ಪು ಬೊಟ್ಟು ಕಣ್ಣನ್ನೇ ನುಂಗಿದಂತಿತ್ತು. ನಾನು ಕೂಸಿನ ಅಂಗಾಲು ಚಿವುಟಿದೆ. ಏಳಲಿಲ್ಲ. ಮತ್ತೆ, ಗಟ್ಟಿಯಾಗಿ. ತುಟಿ ಒಣಗಿತ್ತು. ಉಸಿರು ಇದೆಯೆಂದು ತಿಳಿಯಲು ನನ್ನ ಕೆನ್ನೆಯನ್ನು ಮೂಗಿನ ಹತ್ತಿರ ಇಡಬೇಕಾಯಿತು.

ಕಿಟಕಿಯ ಸಂದಿಗಳ ಬಟ್ಟೆ ಕಿತ್ತೆಸೆದು ಅದರ ಬಾಗಿಲು ದೂಡಿ ತೆರೆದೆ.

“ಅಯ್ಯೋ, ಬಾಣಂತಿ ಕೋಣೆಗೆ ಗಾಳಿ!” ದೋನ್ಯಾ ಓಡಿ ಬಂದರು. “ಕೊಲ್ತೀಯೇನೇ ನನ್ನ ಸೊಸೇನ?”

“ಹೂವು ಕೊಲ್ತಿದೆ ದೋನ್ಯಾ! ಅವಳನ್ನ ಎಬ್ಬಿಸಿ, ಹೊರಗೆ ತನ್ನಿ!”

“ನಾಲ್ಕು ಅಕ್ಷರ ಕಲಿತ್ರೆ ಎಲ್ಲಾ ಕಲಿತ ಹಾಗಾ? ಕೊಡು ಕೂಸನ್ನ!”

ಕೊಡಲಿಲ್ಲ. ಶಾಲಿನಲ್ಲಿ ಸುತ್ತಿಕೊಂಡು ಓಡಿದೆ. ಬಾವಿಯ ಬಳಿ ಆ ಬಿಳಿ ಗಂಟೆಗಳು ನನ್ನ ತಲೆ ಸವರಿದವು. ಉಸಿರು ಬಿಗಿಹಿಡಿದು ಗೇಟು ದಾಟಿದೆ. ಬೀದಿಯಲ್ಲಿ ಕಾಫಿ ಹುರಿಯುವ ಹೊಗೆ, ನೆನೆದ ಕಲ್ಲಿನ ವಾಸನೆ. ಕೂಸನ್ನು ಬೋರಲು ಹಾಕಿ ಬೆನ್ನು ಉಜ್ಜಿದೆ, ಉಜ್ಜುತ್ತಲೇ ಇದ್ದೆ. ಕೊನೆಗೆ ಅದು ಸೀನಿತು. ಬೆಕ್ಕಿನ ಮರಿಯಂತೆ ಕೀರಲಾಗಿ ಅತ್ತಿತು.

“ಡಾಕ್ಟರನ್ನ ಕರೀರಿ! ಒಳಗೆ ನನ್ನ ತಂಗಿ ಇದ್ದಾಳೆ!” ಎಂದು ಎದುರು ಮನೆಯವರಿಗೆ ಕೂಗಿ, ಕೂಸನ್ನು ಎದೆಗವಚಿಕೊಂಡೇ ತಿರುಗಿ ಓಡಿದೆ.

ಗೇಟಿಗೆ ಒಳಗಿನಿಂದ ಅಗಳಿ ಬಿದ್ದಿತ್ತು. ಅದರ ಸರಳುಗಳಾಚೆ ದೋನ್ಯಾ ಸೊಸೆಯ ಕಿಟಕಿ ಮುಚ್ಚಿ, ಸಂದಿಗಳಿಗೆ ಬಟ್ಟೆ ತುರುಕುತ್ತ, ಗ್ವಾದಲೂಪೆ ಮಾತೆಯನ್ನು ಜೋರಾಗಿ ಬೇಡಿಕೊಳ್ಳುತ್ತಿದ್ದರು. ಮಂಚದ ಕೆಳಗಿನ ಹೂವಿನ ಬುಟ್ಟಿ ಒಳಗೇ ಉಳಿದಿತ್ತು.

“ಆಂಪಾರೊ!” ಎಂದು ಕೂಗಿದೆ.

ಒಳಗಿನಿಂದ ಉತ್ತರ ಬರಲಿಲ್ಲ.